ಬುರೈಮಿಯ ಐದು ಸಿಂಹಗಳು

ನೇಮಕದ ಕಾಗದದಲ್ಲಿ ಒಂಟೆ, ಆಡು, ಕುದುರೆ ಎಂದಷ್ಟೇ ಇತ್ತು. ಸಿಂಹದ ಮಾತನ್ನು ಯಾರೂ ಎತ್ತಿರಲಿಲ್ಲ. ವಿಜಯಪುರ ಜಿಲ್ಲೆಯ ಪಶು ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲೆ ಒಂಬತ್ತು ವರ್ಷ ಎಮ್ಮೆ, ಎತ್ತುಗಳ ಸೇವೆ ಮಾಡಿ ಬಂದವನು ನಾನು. ಒಮಾನಿನ ಗಡಿ ಊರಾದ ಬುರೈಮಿಗೆ ಬಂದ ಮರುದಿನ ಬೆಳಿಗ್ಗೆ ನನ್ನನ್ನು ನೇಮಿಸಿಕೊಂಡವರ ಊರ ಹೊರಗಿನ ತೋಟದಲ್ಲಿ ಒಂಟೆಗಳನ್ನು ನೋಡಿ ಮುಗಿಸುವಾಗ ಖರ್ಜೂರದ ಸಾಲಿನ ಆಚೆಯಿಂದ ಖಾರವಾದ ಉಚ್ಚೆಯ ವಾಸನೆ ಬಂತು. ನಾನು ಬಲ್ಲ ಯಾವ ದನದ್ದೂ ಅಲ್ಲ. ಹೋಗಿ ನೋಡಿದರೆ ಎರಡು ತಂತಿಬೇಲಿಯ ಆವರಣಗಳು, ಅವುಗಳಲ್ಲಿ ಐದು ಗಂಡು ಸಿಂಹಗಳು.

ಒಂದು ಆವರಣದಲ್ಲಿ ಎರಡಿದ್ದವು. ಒಂದೇ ತಾಯಿಯ ಮಕ್ಕಳು, ಹತ್ತು ವರ್ಷ ದಾಟಿದವು. ಇನ್ನೊಂದರಲ್ಲಿ ಮೂರು, ಅವೂ ಒಡಹುಟ್ಟಿದವು, ಐದು ವರ್ಷದ ತುಂಬು ಪ್ರಾಯದವು. ನಡುವೆ ಎರಡು ಬೇಲಿ, ಆ ಬೇಲಿಗಳ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಓಣಿ. ತೋಟದ ಯಜಮಾನರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಕಟ್ಟಡ ಕಟ್ಟಿಸುವ ಗುತ್ತಿಗೆಯಲ್ಲಿ ಚೆನ್ನಾಗಿ ಬೆಳೆದವರು. ಒಳ್ಳೆಯ ವರ್ಷಗಳಲ್ಲಿ ಯಾರೋ ಮರಿಗಳನ್ನು ಉಡುಗೊರೆ ಕೊಟ್ಟಿದ್ದರು, ಬೇಡವೆನ್ನುವುದು ಮರ್ಯಾದೆಯಾಗಿರಲಿಲ್ಲ.

ಸಿಂಹಗಳನ್ನು ನೋಡಿಕೊಳ್ಳುತ್ತಿದ್ದವರು ಎಪ್ಪತ್ತರ ಹತ್ತಿರದ ಒಬ್ಬ ಒಮಾನಿ. ಅವರ ತಂದೆ ಎಂದೋ ಹಡಗು ಹತ್ತಿ ಆಫ್ರಿಕಾಕ್ಕೆ ಹೋದವರು. ಇವರು ಹುಟ್ಟಿದ್ದು, ಬೆಳೆದದ್ದು ಟಾಂಗನ್ಯೀಕದಲ್ಲಿ, ಒಮಾನಿಗೆ ಬಂದದ್ದು ಯೌವನ ಕಳೆಯುವ ಹೊತ್ತಿಗೆ. ಅರಬ್ಬಿಗಿಂತ ಸ್ವಾಹಿಲಿ ಅವರಿಗೆ ಸಲೀಸು. ತಂದೆಯ ಅಂಗಡಿಯ ನೆರೆಯ ಗುಜರಾತಿಗಳಿಂದ ಕಲಿತ ಹಿಂದಿಯಲ್ಲಿ ನನ್ನೊಡನೆ ಮಾತಾಡುತ್ತಿದ್ದರು. ಎಲ್ಲರೂ ಅವರನ್ನು ಮ್ಝೇ ಎಂದು ಕರೆಯುತ್ತಿದ್ದರು. ಸ್ವಾಹಿಲಿಯಲ್ಲಿ ಹಿರಿಯರು ಎಂದರ್ಥ. ನಾನೂ ಹಾಗೇ ಕರೆದೆ.

ಸಿಂಹದ ಬಗ್ಗೆ ನನಗೆ ಗೊತ್ತಿದ್ದುದು ಅಂಗರಚನೆಯ ನಾಲ್ಕು ಪುಟ. ಉಳಿದದ್ದನ್ನು ಕಲಿಸಿದವರು ಅವರು. ತಂದೆಯ ಅಂಗಡಿ ಹುಲ್ಲುಬಯಲಿನ ಅಂಚಿನಲ್ಲಿತ್ತಂತೆ. ಹತ್ತಿರದ ಹೊಳೆಯ ಈಚೆ ದಡ ಎರಡು ಗಂಡು ಸಿಂಹಗಳ ನೆಲ. ಗಂಡುಮರಿಗೆ ಎರಡು ಮೂರು ವರ್ಷ ತುಂಬಿತೆಂದರೆ ಹುಟ್ಟಿದ ಗುಂಪಿನಲ್ಲಿ ಜಾಗವಿಲ್ಲ. ಅಣ್ಣತಮ್ಮಂದಿರು, ದಾಯಾದಿಗಳು ಜೊತೆಗೂಡಿ ಹೊರಬೀಳುತ್ತಾರೆ, ಹಸಿದುಕೊಂಡು ಅಲೆಯುತ್ತಾರೆ. ಒಂಟಿಯಾದವನಿಗೆ ನೆಲ ದಕ್ಕುವುದು ಅಪರೂಪ. ಮೈಯಲ್ಲಿ ಬಲ ಬಂದ ಮೇಲೆ ಇನ್ನೊಬ್ಬರ ಗಡಿಗೆ ಬಂದು ನಿಲ್ಲುತ್ತಾರೆ. ಮ್ಝೇ ಯಾವಾಗಲೂ ಸಿಂಹಗಳನ್ನು ಮನುಷ್ಯರಂತೆಯೇ ಹೇಳುತ್ತಿದ್ದರು. ಮೊದಲು ಬರುವುದು ದನಿ ಎಂದರು. ಗರ್ಜನೆ ಕೇಳಿಯೇ ಆಚೆಯವರು ಎಷ್ಟು ಮಂದಿ ಎಂದು ಈಚೆಯವರು ಲೆಕ್ಕ ಹಾಕುತ್ತಾರೆ.

ಅವರಿಗೆ ಹನ್ನೆರಡು ವರ್ಷವಿದ್ದಾಗ ಹೊಳೆಯ ಆಚೆ ಮೂರು ಸಿಂಹಗಳು ಬಂದವು. ಇಡೀ ಬೇಸಿಗೆ ಮುಂಜಾನೆ ಮುಂಜಾನೆ ಈ ಕಡೆಯಿಂದ ಎರಡು, ಆ ಕಡೆಯಿಂದ ಮೂರು ದನಿ. ಆಮೇಲೆ ಒಂದು ದಿನ ಈ ಎರಡು ಉತ್ತರ ಕೊಡಲಿಲ್ಲ. ಅಂಗಡಿಗೆ ಬಂದ ದನಗಾಹಿಯೊಬ್ಬ, ಖಲಾಸ್, ಇನ್ನು ಇವರ ಕಾಲ ಮುಗಿಯಿತು ಎಂದನಂತೆ. ವಾರದಲ್ಲಿ ಮೂರೂ ಹೊಳೆ ದಾಟಿದವು. ಬಯಲಲ್ಲಿದ್ದ ಹಳೆಯ ಸಿಂಹಗಳ ಮರಿಗಳಲ್ಲಿ ಒಂದನ್ನೂ ಅವು ಉಳಿಸಲಿಲ್ಲ. ಸೋತ ಎರಡು ಸಿಂಹಗಳು ಅಂಗಡಿಯ ಹಿಂದಿನಿಂದ ದಕ್ಷಿಣಕ್ಕೆ ನಡೆದುಹೋಗುವುದನ್ನು ಮ್ಝೇ ಗೋಡೆಯ ಮೇಲೆ ಕುಳಿತು ನೋಡಿದ್ದರು. ಒಂದರ ಹಿಂಗಾಲು ಹರಿದಿತ್ತು. ಇನ್ನೊಂದು ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು, ಕುಂಟುತ್ತಿದ್ದದ್ದು ಬಂದು ತಲೆಗೆ ತಲೆ ಉಜ್ಜಿದ ಮೇಲೆ ಮತ್ತೆ ಹೊರಡುತ್ತಿತ್ತು.

ನಾನು ಬಂದ ಎರಡನೆಯ ವರ್ಷ ತೈಲದ ಬೆಲೆ ಬಿತ್ತು. ಅರ್ಬಾಬರ ಅರೆಕಟ್ಟಿದ ಕಟ್ಟಡಗಳು ಹಾಗೇ ನಿಂತವು. ಕೆಲಸಗಾರರ ಕ್ಯಾಂಪು ಖಾಲಿಯಾಯಿತು. ಹೆಂಡತಿ, ಮಗಳೊಂದಿಗೆ ನಾನಿದ್ದ ಮನೆಯ ಕೆಳಗಿನ ದರ್ಜಿ ಅಂಗಡಿ, ಪಕ್ಕದ ಫೋಟೊ ಸ್ಟುಡಿಯೊ ಒಂದೇ ತಿಂಗಳಲ್ಲಿ ಬಾಗಿಲು ಹಾಕಿದವು. ಮಗಳ ತರಗತಿಯಲ್ಲಿ ಪ್ರತಿ ವಾರ ಒಂದು ಬೆಂಚು ಖಾಲಿ. "ಅಪ್ಪಾ, ಹೂ ಈಸ್ ಲೀವಿಂಗ್ ನೆಕ್ಸ್ಟ್?" ಎಂದು ಅವಳು ಆಟದಂತೆ ಕೇಳುತ್ತಿದ್ದಳು.

ನನಗೆ ಸೋಹಾರ್ ಕಡೆಯ ಒಂದು ಡೈರಿಯಲ್ಲಿ ಕೆಲಸ ಸಿಕ್ಕಿತ್ತು. ಆದರೆ ಅಲ್ಲಿಗೆ ಸೇರಬೇಕಾದರೆ ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನರ, ಒಪ್ಪಿಗೆ ಪತ್ರ ಬೇಕು, ಎನ್ಒಸಿ. ಇಲ್ಲವಾದರೆ ದೇಶ ಬಿಟ್ಟು ಎರಡು ವರ್ಷ ಮರಳುವಂತಿಲ್ಲ. ಊರಿಗೇ ಹೋಗಿಬಿಡೋಣವೆಂದರೆ ಪಾಸ್‌ಪೋರ್ಟ್ ಅರ್ಬಾಬರ ಕಂಪನಿಯ ಮ್ಯಾನೇಜರರ ಕಪಾಟಿನಲ್ಲಿತ್ತು. ಕಾಡುಪ್ರಾಣಿ ಸಾಕುವ ಪರವಾನಗಿ ಡಾಕ್ಟರನ ಹೆಸರಿಗೆ ಅಂಟಿಕೊಂಡಿತ್ತು. ಸಿಂಹಗಳು ಇರುವವರೆಗೆ ಡಾಕ್ಟರ್ ಇರಬೇಕು, ಹೊಸ ಡಾಕ್ಟರನನ್ನು ಕರೆಸುವ ಸ್ಥಿತಿಯಲ್ಲಿ ಕಂಪನಿ ಇಲ್ಲ ಎಂದು ಅವರು ನಯವಾಗಿಯೇ ಹೇಳಿದರು. ಬುರೈಮಿಯೇ ಅಂಥ ಊರು. ಒಂದು ಕಡೆ ಪಕ್ಕದ ದೇಶದ ಅಲ್ ಐನ್‌ನ ಗಡಿಬೇಲಿ, ಇನ್ನೊಂದು ಕಡೆ ಸೋಹಾರ್ ದಾರಿಯ ಚೆಕ್‌ಪೋಸ್ಟ್. ಶುಕ್ರವಾರ ಸಂಜೆ ಮೂವರೂ ಕಾರಿನಲ್ಲಿ ಬೇಲಿಯ ಉದ್ದಕ್ಕೂ ಹೋಗಿ, ಆಚೆಯ ಅಂಗಡಿಗಳ ಫಲಕ ಓದಿ ವಾಪಸು ಬರುತ್ತಿದ್ದೆವು.

ಆ ಚಳಿಗಾಲದಲ್ಲಿ ಮುದಿ ಸಿಂಹಗಳಲ್ಲಿ ಒಂದಕ್ಕೆ ಕೋರೆಹಲ್ಲಿನ ಬುಡದಲ್ಲಿ ಕೀವಾಯಿತು. ಬೇರೆ ಮಾಡಿ, ಅರಿವಳಿಕೆ ಕೊಟ್ಟು ಹಲ್ಲು ಕಿತ್ತೆ. ಅದು ಆವರಣಕ್ಕೆ ಹೊಂದಿಕೊಂಡ ಒಳಕೋಣೆಯಲ್ಲಿದ್ದ ನಾಲ್ಕು ದಿನ ಇನ್ನೊಂದು ಮಾಂಸ ಮುಟ್ಟಲಿಲ್ಲ, ಬಾಗಿಲಿಗೆ ಮೈಯೊತ್ತಿ ಮಲಗಿತ್ತು. ಮತ್ತೆ ಕೂಡಿಸಿದಾಗ ಎರಡೂ ತಲೆ ಉಜ್ಜಿಕೊಂಡ ರಭಸಕ್ಕೆ ನೋವಿದ್ದದ್ದು ನರಳಿತು. ಹಲ್ಲು ಹೋದ ಮೇಲೆ ಅದು ಗರ್ಜಿಸುವುದನ್ನು ಬಿಟ್ಟಿತು. ಬೆಳಗಿನ ಹೊತ್ತು ಮೂರರ ದನಿಗೆ ಒಂದೇ ದನಿ ಎದುರಾಗುತ್ತಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೂ ನಿಂತಿತು. ಬೇಲಿಯ ಆಚೆ ಆ ಮೂರೂ ಕಂಬ ಕಂಬಕ್ಕೆ ಉಚ್ಚೆ ಹೊಯ್ದು, ಹಿಂಗಾಲಿನಿಂದ ನೆಲ ಕೆರೆದು ಓಡಾಡುತ್ತಿದ್ದವು.

"ಕಾಡಿನಲ್ಲಾಗಿದ್ದರೆ ಇವರಿಬ್ಬರೂ ನಿನ್ನೆಯೇ ಹೊರಟುಹೋಗುತ್ತಿದ್ದರು ಡಾಕ್ಟರ್," ಎಂದರು ಮ್ಝೇ. "ಇಲ್ಲಿ ಎಲ್ಲಿಗೆ ಹೋಗುತ್ತಾರೆ?"

ಆಗಲೇ ಮ್ಯಾನೇಜರರ ಯೋಜನೆ ಬಂತು. ಮೂರು ಸಿಂಹಗಳಿದ್ದ ಆವರಣದ ಜಾಗವನ್ನು ಸಿಮೆಂಟ್ ಬ್ಲಾಕ್ ಮಾಡುವವರಿಗೆ ಬಾಡಿಗೆಗೆ ಕೊಡಬೇಕು, ಐದನ್ನೂ ಒಂದೇ ಆವರಣದಲ್ಲಿ ಹಾಕಬೇಕು. ಐದೂ ಒಂದೇ ಜಾತಿ ತಾನೇ, ಎರಡು ದಿನ ಜಗಳಾಡಿ ಸುಮ್ಮನಾಗುತ್ತವೆ ಎಂದು ಅವರ ನಂಬಿಕೆ. ಕೆಟ್ಟ ಮನುಷ್ಯರಲ್ಲ, ಅವರ ಮೇಲೂ ಒತ್ತಡವಿತ್ತು. ನಾನು ಎರಡು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಗುರುವಾರ ಬೆಳಿಗ್ಗೆ ವೆಲ್ಡರ್‌ನನ್ನು ಕರೆದುಕೊಂಡು ಅವರೇ ಬಂದರು.

ಮೊದಲು ಮೂರರ ಕಡೆಯ ಬೇಲಿಯ ಜಾಲರಿಯನ್ನಷ್ಟೇ ಬಿಚ್ಚುತ್ತೇವೆ, ಒಂದು ವಾರ ಹತ್ತಿರದಿಂದ ನೋಡಿಕೊಳ್ಳಲಿ, ಆಮೇಲೆ ಉಳಿದದ್ದು ಎಂದರು. ಮೂರನ್ನೂ ಒಳಗೆ ಕೂಡಿ ಜಾಲರಿ ಕತ್ತರಿಸಿ ತೆಗೆದರು, ಮತ್ತೆ ಹೊರಬಿಟ್ಟರು. ಅವು ಒಂದು ಕ್ಷಣ ನಿಂತು ನೋಡಿದವು. ಆಮೇಲೆ ದನಿಯೇ ಇಲ್ಲದೆ ಓಡಿ ಬಂದು ಮೂರೂ ಒಟ್ಟಿಗೆ ಉಳಿದ ಬೇಲಿಗೆ ಬಿದ್ದವು. ಬುಡದಲ್ಲಿ ತುಕ್ಕು ಹಿಡಿದಿದ್ದ ಕಂಬ ಬಾಗಿತು. ಎರಡನೆಯ ಸಲಕ್ಕೆ ಜಾಲರಿಯ ಮೂಲೆ ಎದ್ದು, ಒಂದರ ತಲೆ ಮತ್ತು ಒಂದು ಭುಜ ಒಳಗೆ ಬಂದವು.

ಗಟ್ಟಿಯಾಗಿದ್ದ ಮುದಿ ಸಿಂಹ ಆ ಸಂದಿಗೇ ನುಗ್ಗಿತು. ಆ ಶಬ್ದವನ್ನು ನಾನು ಬರೆಯಲಾರೆ. ಎದೆಗೂಡಿನೊಳಗೆ ಯಾರೋ ಕಲ್ಲು ಉರುಳಿಸಿದಂತಾಯಿತು. ಹಲ್ಲಿಲ್ಲದ್ದು ಓಡಿಹೋಗುತ್ತದೆ ಎಂದುಕೊಂಡೆ. ಅದು ಎದ್ದು, ಕುಗ್ಗಿದ ಮೈಯನ್ನು ಎಳೆದುಕೊಂಡು ಬಂದು ಅಣ್ಣನ ಪಕ್ಕ ನಿಂತು ಪಂಜ ಎತ್ತಿತು. ಅಣ್ಣನೋ ತಮ್ಮನೋ, ನಮಗೆ ಗೊತ್ತಿರಲಿಲ್ಲ. ವೆಲ್ಡರ್ ಕಾರಿನೊಳಗೆ ಹೋಗಿ ಕುಳಿತಿದ್ದ. ಮ್ಯಾನೇಜರ್ ಫೋನು ಹಿಡಿದು ಯಾರಿಗೂ ಮಾಡದೆ ನಿಂತಿದ್ದರು. ನನ್ನ ಕೈಯಲ್ಲಿ ಅರಿವಳಿಕೆಯ ಸೂಜಿ ಊದುವ ಕೊಳವೆ ಇತ್ತು. ಔಷಧಿ ಹತ್ತಲು ಹತ್ತು ನಿಮಿಷ ಬೇಕು, ಮೊದಲು ಮಂಪರಿನಲ್ಲಿ ಬಿದ್ದದ್ದನ್ನು ಎದುರಿನವು ಕೊಲ್ಲುತ್ತವೆ ಎಂದು ತಿಳಿದೂ ಕೊಳವೆ ಹಿಡಿದೇ ಇದ್ದೆ.

ಮ್ಝೇ ಓಡಲಿಲ್ಲ. ನಡೆದುಹೋಗಿ ಒಳಕೋಣೆಯ ಬಾಗಿಲಿನ ಸರಪಳಿ ಎಳೆದು ಬಾಗಿಲು ಎತ್ತಿದರು, ಮಾಂಸ ಹಾಕುವಾಗ ಕರೆಯುವ ದನಿಯಲ್ಲೇ ಸ್ವಾಹಿಲಿಯಲ್ಲಿ ಕರೆಯತೊಡಗಿದರು. ಮೊದಲು ಹಲ್ಲಿಲ್ಲದ್ದು ಹಿಂದೆ ಹಿಂದೆ ಸರಿದು ಒಳಗೆ ಹೋಯಿತು. ಅದು ಹೋದದ್ದನ್ನು ನೋಡಿದ ಮೇಲಷ್ಟೇ ಇನ್ನೊಂದು ತಿರುಗಿ ಓಡಿತು. ಬಾಗಿಲು ಬಿತ್ತು. ಅಷ್ಟರಲ್ಲಿ ಮೂರೂ ಒಳಬಂದಿದ್ದವು. ಅವು ಮುಚ್ಚಿದ ಬಾಗಿಲ ಮೇಲೆ, ನೀರಿನ ತೊಟ್ಟಿಯ ಮೇಲೆ, ಜಾಲಿ ಮರದ ಬುಡಕ್ಕೆ ಉಚ್ಚೆ ಹೊಯ್ದವು. ನಡು ಹಗಲಿನಲ್ಲಿ ಗರ್ಜಿಸಿದವು.

ಬಾಗಿದ ಬೇಲಿಯನ್ನು ಬಿಗಿದು, ಮೂರರ ಹಳೆಯ ಜಾಗವನ್ನು ಬ್ಲಾಕಿನವರಿಗೆ ಬಿಟ್ಟುಕೊಟ್ಟರು. ಮುದಿ ಸಿಂಹಗಳು ಆ ಕೋಣೆಯಲ್ಲಿ ಎರಡೂವರೆ ತಿಂಗಳು ಇದ್ದವು. ಎರಡು ಮಂಚ ಹಾಕಿದರೆ ತುಂಬುವಷ್ಟು ಜಾಗ. ಒಂದು ತಿರುಗಬೇಕಾದರೆ ಇನ್ನೊಂದು ಏಳಬೇಕು. ಗಟ್ಟಿಯಾಗಿದ್ದದ್ದರ ಹೆಗಲಿನ ಗಾಯವನ್ನು ಸರಳಿನ ಸಂದಿಯಿಂದಲೇ ತೊಳೆದೆ. ಹೊರಗೆ ಮೂರರ ಹೆಜ್ಜೆ ಕೇಳಿದಾಗಲೆಲ್ಲ ಅವು ಗೋಡೆಗೆ ಒತ್ತಿಕೊಳ್ಳುತ್ತಿದ್ದವು. ಸಂಜೆ ಮನೆಗೆ ಬಂದು ಎಷ್ಟು ತೊಳೆದರೂ ಆ ಕೋಣೆಯ ವಾಸನೆ ನನ್ನ ಅಂಗಿಯಿಂದ ಹೋಗುತ್ತಿರಲಿಲ್ಲ. ಮಗಳು ನನ್ನ ಹತ್ತಿರ ಮಲಗುವುದನ್ನು ಬಿಟ್ಟಳು.

ಕೊನೆಗೆ ಮ್ಝೇ ನನ್ನನ್ನು ಅತಿಥಿಗಳನ್ನು ಕೂರಿಸುವ ಅರ್ಬಾಬರ ಮಜ್ಲಿಸ್‌ಗೆ ಕರೆದೊಯ್ದರು. ಅರ್ಬಾಬ್ ಕಾಫಿ ಕೊಡಿಸಿ ಎಲ್ಲವನ್ನೂ ಕೇಳಿದರು. ಗಡಿಯಾಚೆಯ ಪರಿಚಯದವರೊಬ್ಬರಿಗೆ ಫೋನು ಮಾಡಿಸಿದರು. ಅವರ ಪ್ರಾಣಿಧಾಮಕ್ಕೆ ಮೂರು ಎಳೆಯವು ಬೇಕಾಗಿದ್ದವು. ಮುದಿಯವು ಬೇಡ. ಕಾಗದಪತ್ರ ಮುಗಿದು ಮೂರೂ ಪೆಟ್ಟಿಗೆ ಸೇರಿ ಗಡಿ ದಾಟಿದ ದಿನ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಎರಡು ಕಾಗದ. ಒಂದು, ಉಳಿದೆರಡು ಸಿಂಹಗಳು ವಾಸಿಯಾಗದ ಕಾಯಿಲೆಯಲ್ಲಿವೆ, ದಯಾಮರಣ ಕೊಡಬಹುದು ಎಂಬ ನನ್ನ ಪ್ರಮಾಣಪತ್ರ. ಇನ್ನೊಂದು ನನ್ನ ಎನ್ಒಸಿ.

"ಇದಕ್ಕೆ ಸಹಿ ಮಾಡಿ, ಅದನ್ನು ತೆಗೆದುಕೊಂಡು ಹೋಗಿ ಡಾಕ್ಟರ್ ಸಾಬ್. ಎಲ್ಲರಿಗೂ ಬಿಡುಗಡೆ."

ನಾಳೆ ಹೇಳುತ್ತೇನೆ ಎಂದು ಬಂದೆ. ಹೆಂಡತಿ ಊಟಕ್ಕೆ ಬಡಿಸುತ್ತ ಎಲ್ಲ ಕೇಳಿಸಿಕೊಂಡಳು. ಅವಳು ಜಗಳಗಂಟಿಯಲ್ಲ, ಕಲ್ಲುಮನಸ್ಸಿನವಳೂ ಅಲ್ಲ. ಊರಲ್ಲಿ ನಾನು ತಂದ ಕುಂಟು ಕರುವನ್ನು ಸಾಕಿದವಳು.

"ಸಹಿ ಮಾಡ್ರಿ," ಎಂದಳು. "ಅವು ಇವತ್ತಲ್ಲ ನಾಳಿ ಸಾಯೂವ. ಎರಡು ಮುದಿ ಸಿಂಹದ ಸಲುವಾಗಿ ನಾವು ಮೂರು ಮಂದಿ ಎಷ್ಟ್ ದಿನಾ ಇಲ್ಲಿ ಬಿದ್ದಿರೂದ್ರಿ?"

"ಅವಕ್ಕ ಸಾಯೂ ಬ್ಯಾನಿ ಇಲ್ಲ. ಹೆಂಗ ಬರೀಲಿ?"

"ನಮಗೂ ಇಲ್ಲ," ಎಂದಳು.

ನಾನು ಸಹಿ ಮಾಡಲಿಲ್ಲ. ಅದು ಧೈರ್ಯವೆಂದು ಇಂದಿಗೂ ನನಗೆ ಅನಿಸುವುದಿಲ್ಲ. ಪೆನ್ನು ತೆಗೆದಾಗ ಆ ಬಾಗಿದ ಕಂಬದ ಮುಂದೆ ಪಂಜ ಎತ್ತಿ ನಿಂತದ್ದು ಕಣ್ಣಿಗೆ ಕಟ್ಟಿತು, ಕೈ ಮುಂದೆ ಹೋಗಲಿಲ್ಲ, ಅಷ್ಟೇ. ಮ್ಯಾನೇಜರ್ ಎರಡೂ ಕಾಗದಗಳನ್ನು ಡ್ರಾಯರಿಗೆ ಹಾಕಿದರು. ಶಾಲೆಯ ವರ್ಷ ಮುಗಿದದ್ದೇ ಹೆಂಡತಿ, ಮಗಳು ಊರಿಗೆ ಹೊರಟರು. ಅವರ ಪಾಸ್‌ಪೋರ್ಟ್ ಮನೆಯಲ್ಲೇ ಇದ್ದವು. ಸೋಹಾರ್ ಚೆಕ್‌ಪೋಸ್ಟಿನವರೆಗೆ ಬಿಟ್ಟುಬರಲು ಹೋದೆ. ಹೆಂಡತಿ ಬಸ್ಸಿನಿಂದ ಕೈ ಬೀಸಲಿಲ್ಲ.

ಒಳಕೋಣೆಯ ಬಾಗಿಲು ತೆರೆದ ಮೇಲೂ ಮುದಿ ಸಿಂಹಗಳು ಮೂರು ದಿನ ಹೊರಬರಲಿಲ್ಲ. ಅಂಗಳದ ತುಂಬ ಆ ಮೂರರ ವಾಸನೆ. ನಾವು ಕಂಬ, ತೊಟ್ಟಿ ಎಲ್ಲ ಉಜ್ಜಿ ತೊಳೆದೆವು. ನಾಲ್ಕನೆಯ ದಿನ ಗಟ್ಟಿಯಾದದ್ದು ಜಾಲಿಯ ಬುಡವನ್ನು ಬಹಳ ಹೊತ್ತು ಮೂಸಿ, ತಾನೂ ಅಲ್ಲಿ ಉಚ್ಚೆ ಹೊಯ್ದು, ಬಂದು ತಮ್ಮನ ಪಕ್ಕ ಮಲಗಿತು.

ಎಂಟು ತಿಂಗಳ ನಂತರ ಹಲ್ಲಿಲ್ಲದ್ದರ ಮೂತ್ರಪಿಂಡ ಸೋತಿತು. ಎದ್ದು ನಿಲ್ಲಲಾರದಾಯಿತು. ಆಗ ಪ್ರಮಾಣಪತ್ರ ನಾನೇ ಬರೆದೆ, ಸೂಜಿಯನ್ನೂ ನಾನೇ ಹಾಕಿದೆ. ಉಳಿದದ್ದು ಹನ್ನೊಂದು ದಿನ ಬೆಳಗಾಗುವಾಗ ಗರ್ಜಿಸಿತು. ಪ್ರತಿಸಲ ಗರ್ಜಿಸಿದ ಮೇಲೆ ಕಿವಿ ಮುಂದೆ ಮಾಡಿ ಕೇಳಿಸಿಕೊಳ್ಳುತ್ತಿತ್ತು. ಮ್ಝೇ ಬೇಲಿಯ ಹೊರಗೆ ಕುರ್ಚಿ ಹಾಕಿಕೊಂಡು ಬಿಸಿಲೇರುವವರೆಗೂ ಕುಳಿತಿರುತ್ತಿದ್ದರು. ಆಮೇಲೆ ಅದು ಊಟ ಕಡಿಮೆ ಮಾಡಿತು, ಚಳಿಗಾಲ ಮುಗಿಯುವುದರೊಳಗೆ ಹೋಯಿತು. ಪರವಾನಗಿ ರದ್ದಾಯಿತು. ನಾಲ್ಕನೆಯ ದಿನ ಪಾಸ್‌ಪೋರ್ಟ್ ನನ್ನ ಕೈಗೆ ಬಂತು. ಡೈರಿಯ ಕೆಲಸ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು.

ಊರಿಗೆ ಬಂದು ಒಂದು ವಾರದ ಮೇಲೆ ಹೆಂಡತಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತ, ಎರಡನೆಯದು ಹೇಗೆ ಹೋಯಿತು ಎಂದು ಕೇಳಿದಳು. ಹೇಳಿದೆ. ಹನ್ನೊಂದು ದಿನದ ಸಂಗತಿಯನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಸೀರೆಯನ್ನು ಹಿಂಡಿ ಹಗ್ಗದ ಮೇಲೆ ಹರವಿ, ಅಂಚು ಸರಿ ಮಾಡಿದಳು. "ಪಾಪ," ಎಂದಳು. ಕೊನೆಯ ಬಟ್ಟೆಯನ್ನೂ ಹರವಿ, "ಆದ್ರೂ ಆ ವರ್ಷ ನನಗ ವಾಪಸ್ ಬರೂದಿಲ್ರಿ," ಎಂದು ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತೆ. ಅವಳು ಹೇಳಿದ್ದು ನಿಜವೇ ಆಗಿತ್ತು.