ಡಾಕ್ಟರಿಗೆ ನಾನು ಹೇಳಿದ ‘ಇಲ್ಲ’

ಅತ್ತಿಗೆ, ನೀವು ಮಾತ್ರೆಯನ್ನು ಎರಡೆರಡು ನುಂಗಿರಲಿಲ್ಲ. ಅದು ನನಗೆ ಆಸ್ಪತ್ರೆಯಲ್ಲೇ ಗೊತ್ತಾಗಿತ್ತು. ಮೂರು ವರ್ಷ ಬಾಯಿ ಬಿಡಲಿಲ್ಲ.

ಆದದ್ದನ್ನು ಆದ ಹಾಗೆ ಬರೆಯಬೇಕು. ಆದರೆ ನನ್ನ ನೆನಪಿನ ಮೇಲೆ ನನಗೇ ಗುಮಾನಿ — ಅದು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿದೆಯೇನೋ ಎಂದು.

ಖಾತ್ರಿಯಿರುವುದು ಇಷ್ಟು. ನಿಮ್ಮ ಹೃದಯಕ್ಕೆ ಲೋಹದ ಕವಾಟ ಕೂಡಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಮಾತ್ರೆ. ಕೌದಿ ಹೊಲಿಯುವಾಗ ಕಣ್ಣು ಮಂಜಾಗುತ್ತದೆ ಎಂದು ನೀವು ಅಂದಿದ್ದಕ್ಕೆ, ಕುರುಗೋಡಿನ ನಿಮ್ಮ ತಂಗಿ ಒಂದು ಪೊಟ್ಟಣ ತಂದುಕೊಟ್ಟರು — ಚೀನಾದವರು ಕಣ್ಣಿಗೆಂದು ತಿನ್ನುವ ಕೆಂಪು ಒಣಹಣ್ಣು, ಗೋಜಿ. ಬಿಸಿನೀರಲ್ಲಿ ನೆನೆಸಿ, ನೀರು ಕುಡಿದು ಹಣ್ಣು ತಿನ್ನಬೇಕು. ಆಕೆ ಇಂಥವನ್ನು ಮನೆಮನೆಗೆ ಮಾರುತ್ತಿದ್ದರು. ನನಗೆ ಆಕೆಯ ಮೇಲೂ ಅನುಮಾನ, ಹಣ್ಣಿನ ಮೇಲೂ ಅನುಮಾನ. ನನ್ನ ಮೇಲೆ ಮಾತ್ರ ಇರಲಿಲ್ಲ.

ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ನೀವು ಪೊಟ್ಟಣದೊಳಗಿನ ಇಂಗ್ಲಿಷ್ ಚೀಟಿಯನ್ನು ನನ್ನ ಕೈಗಿಟ್ಟಿರಿ.

“ಶೇಖ್ರಪ್ಪಾ, ಯಾರು ತಿನ್ನಬಾರ್ದು ಅಂತ ಇದರಾಗ ಬರ್ದಾರಂತ. ಓದಿ ಹೇಳಪಾ. ನನ್ನ ಗುಳಿಗಿಗೆ ಆಗಿ ಬರತೈತೋ ಇಲ್ಲೋ.”

“ಏನೂ ಇಲ್ರಿ ಅತ್ತಿಗಿ. ಒಣದ್ರಾಕ್ಷಿ ಇದ್ದಂಗ. ಕಣ್ಣೂ ಬರಂಗಿಲ್ಲ, ಜೀವಾನೂ ಹೋಗಂಗಿಲ್ಲ.”

“ನಿನ್ನ ನಾಲಿಗಿಗೆ ಔಷಧ ಇದ್ರ ಮೊದ್ಲು ಅದನ್ನ ತರಸ್ತಿದ್ದೆ ನೋಡು,” ಎಂದು ನಕ್ಕಿರಿ.

ರಸಾಯನಶಾಸ್ತ್ರ ಓದಿ ಬಳ್ಳಾರಿಯ ಕಾಲೇಜಿನಲ್ಲಿ ಪಾಠ ಹೇಳುವವನು ನಾನು. ಇಂಥ ಮದ್ದುಗಳಿಂದ ಗುಣವಿಲ್ಲ ಎಂದು ಎಷ್ಟು ಗಟ್ಟಿಯಾಗಿ ನಂಬಿದ್ದೆನೆಂದರೆ, ಕೇಡೂ ಇಲ್ಲ ಎಂದೇ ತಿಳಿದಿದ್ದೆ. ಅದೂ ಒಂದು ಮೂಢನಂಬಿಕೆಯೇ.

ಖಾತ್ರಿಯಿಲ್ಲದ್ದು — ಆ ಚೀಟಿಯನ್ನು ನಾನು ಓದಿದೆನೇ? ಒಂದು ನೆನಪಿನಲ್ಲಿ ಓದದೆ ಮಡಚಿ ಕೊಡುತ್ತೇನೆ. ಇನ್ನೊಂದರಲ್ಲಿ ಕೊನೆಯ ಸಾಲು ಕಣ್ಣಿಗೆ ಬೀಳುತ್ತದೆ: ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಿನ್ನಬಾರದು. ಆ ಸಾಲನ್ನು ಆವತ್ತೇ ಓದಿದೆನೋ, ಆಮೇಲೋ... ಓದದೆ ಹೇಳಿದ್ದರೆ ಅದು ಸೊಕ್ಕು. ಓದಿಯೂ ಹೇಳಿದ್ದರೆ —

ಹಣ್ಣು ತಿನ್ನತೊಡಗಿದ ಎರಡು ವಾರಕ್ಕೆ ನಿಮ್ಮ ತೋಳ ಮೇಲೆ ನೀಲಿ ಕಲೆಗಳು, ಮೂಗಿನಿಂದ ನಿಲ್ಲದ ರಕ್ತ. ಅಣ್ಣ ನಿಮ್ಮನ್ನು ಬಳ್ಳಾರಿಗೆ ಕರೆತಂದ. ರಕ್ತಪರೀಕ್ಷೆ ನೋಡಿದ ಡಾಕ್ಟರು ಕೇಳಿದರು: “ರಕ್ತ ಭಾಳ ತೆಳು ಆಗೈತಿ. ಹೊಸಾದೇನಾರ ತಿಂದಾರೇನ್ರಿ? ಗಿಡಮೂಲಿಕೆ, ಕಷಾಯ?”

ನೀವು ಮೂಗಿಗೆ ಬಟ್ಟೆ ಒತ್ತಿಕೊಂಡಿದ್ದಿರಿ. ಪಕ್ಕದಲ್ಲಿದ್ದ ನಾನು ಹೇಳಿದೆ: “ಇಲ್ರಿ.”

ಆಗ ನೀವು ನನ್ನ ಕಡೆ ನೋಡಿದಿರೇ? ನೋಡಿದಿರಿ ಎಂದು ಕೆಲವು ದಿನ ಅನ್ನಿಸುತ್ತದೆ.

“ಹಂಗಾದ್ರ ಗುಳಿಗಿ ಹೆಚ್ಚಾಗಿರಬೇಕು,” ಎಂದರು ಡಾಕ್ಟರು. ಅಣ್ಣ ಅಲ್ಲೇ ಸಿಡಿದ: “ಮರತು ಎರಡೆರಡು ನುಂಗ್ಯಾಳ್ರಿ ಇಕಿ!” ನಾನು ಹೊರಗೆ ಬಂದು, ನಿಮ್ಮ ಚೀಲದಲ್ಲಿದ್ದ ಮಾತ್ರೆಯ ಪಟ್ಟಿಯಲ್ಲಿ ಉಳಿದವನ್ನು ಎಣಿಸಿದೆ. ಔಷಧದಂಗಡಿಯ ಚೀಟಿಯ ತಾರೀಖಿನಿಂದ ದಿನಕ್ಕೊಂದು — ಲೆಕ್ಕ ಸರಿಯಿತ್ತು. ಮೂರು ಸಲ ಎಣಿಸಿದೆ. ನೆನಪಿನಲ್ಲಿ ಬೇರೆಲ್ಲ ಅಲುಗಾಡುತ್ತದೆ, ಇದೊಂದು ಅಲುಗುವುದಿಲ್ಲ. ಆದರೂ ಒಳಗೆ ಹೋಗಿ ಹೇಳಲಿಲ್ಲ. ನಿಮ್ಮ ಬಟ್ಟೆ ತರುವ ನೆಪದಲ್ಲಿ ಸಿರುಗುಪ್ಪಕ್ಕೆ ಹೋಗಿ ಪೊಟ್ಟಣವನ್ನು ಎತ್ತಿಕೊಂಡೆ. ವಾಪಸು ಬರುವಾಗ ತೆಕ್ಕಲಕೋಟೆಯ ಹತ್ತಿರ ಕಾಲುವೆಗೆ ಎಸೆದೆ.

ನೀವು ಗುಣವಾಗಿ ಮನೆಗೆ ಹೋದಿರಿ. ಮಾತ್ರೆಯ ಡಬ್ಬಿ ನಿಮ್ಮ ಸೊಸೆಯ ಕಪಾಟಿಗೆ ಹೋಯಿತು. “ಬಾಯಿ ತಗೀರಿ ಅತ್ತಿ, ನೋಡೂನು,” ಎಂದು ಆಕೆ ದಿನವೂ ನಿಂತು ನುಂಗಿಸುತ್ತಾಳೆ. “ನಾ ಎರಡು ನುಂಗಿಲ್ಲ,” ಎಂದು ಮೊದಮೊದಲು ಜಗಳವಾಡಿದಿರಿ. ಆಮೇಲೆ, “ನುಂಗಿದ್ನೇನೋ ಯವ್ವಾ, ಯಾರಿಗೆ ಗೊತ್ತು,” ಅಂದಿರಿ. ಈಗ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಕೇಳುತ್ತೀರಿ. ನನ್ನ ನೆನಪನ್ನು ಶಂಕಿಸುವುದು ನನ್ನ ಸ್ವಭಾವ. ನಿಮಗೆ ಅದನ್ನು ಅಂಟಿಸಿದವನು ನಾನು.

ಆ ಪೊಟ್ಟಣ ಎಲ್ಲಿ ಹೋಯಿತೆಂದು ನೀವು ಒಮ್ಮೆಯೂ ಕೇಳಲಿಲ್ಲ. ನನಗೆ ಭಯವಿರುವುದು ಅದಕ್ಕೇ. ಗೊತ್ತಿದ್ದೂ ನನ್ನ ಮಾನ ಕಾಯುತ್ತಿದ್ದೀರೋ...

ಮೊನ್ನೆ ನಿಮ್ಮ ತಂಗಿ ಫೋನ್ ಮಾಡಿದ್ದರು. “ಅಕ್ಕನ ಕಣ್ಣು ಮತ್ತ ಮಂಜಂತ. ಆ ಹಣ್ಣು ಕಳಸ್ಲೇನ್ರಿ?”

“ಬ್ಯಾಡ್ರಿ,” ಎಂದು ಕೂಗಿದೆ.

“ಯಾಕ್ರಿ? ಹಿಂದ ನೀವ ಏನಾಗಂಗಿಲ್ಲ ಅಂದಿದ್ರಂತಲ್ಲ?”

ಆಕೆಯನ್ನೇ ನಾನು ಮೋಸಗಾರ್ತಿ ಎಂದುಕೊಂಡಿದ್ದೆ. ಫೋನ್ ಇಟ್ಟು ಈ ಕಾಗದ ಬರೆಯಲು ಕೂತೆ.

ಈ ಕಾಗದ ಭಾನುವಾರಕ್ಕೆ ಮೊದಲು ನಿಮ್ಮ ಕೈ ಸೇರುತ್ತದೆ. ಭಾನುವಾರ ನಾನೇ ಬಂದು ಅಣ್ಣನ ಮುಂದೆ, ಸೊಸೆಯ ಮುಂದೆ ಇದನ್ನೆಲ್ಲ ಹೇಳುತ್ತೇನೆ. ಸೋಮವಾರ ಡಾಕ್ಟರಿಗೆ. ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದ್ದೇನೆ, ಅತ್ತಿಗೆ — ಮೊದಲು ಮಾತ್ರೆಯ ಡಬ್ಬಿ ನಿಮ್ಮ ಕೈಗೆ ಬರಲಿ.