ಮಲಗುವುದು ಬೇರೆ, ನಿದ್ದೆ ಬೇರೆ

ರವಿಕೆಗೆ ಎರಡು ತೋಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಹೊಲಿಗೆ ಕಲಿಯಲು ಬಂದವರಿಗೆ ಮೊದಲ ವಾರವೇ ತಿಳಿಯುವ ಸಂಗತಿ ಇದು. ಬನಶಂಕರಿಯಲ್ಲಿ ನಮ್ಮ ಮನೆಯ ಗ್ಯಾರೇಜನ್ನೇ ಅಂಗಡಿ ಮಾಡಿಕೊಂಡು ಇಪ್ಪತ್ತೆಂಟು ವರ್ಷ ರವಿಕೆ ಹೊಲಿದ ನಾನು, ಒಂದು ಮದುವೆ ಸೀರೆಯ ರವಿಕೆಗೆ ಎರಡೂ ಎಡ ತೋಳನ್ನೇ ಕತ್ತರಿಸಿಟ್ಟೆ.

ಆದದ್ದು ಹೀಗೆ. ಬಟ್ಟೆ ಧಾರಾಳವಾಗಿದ್ದರೆ ಅದನ್ನು ಮಡಿಸಿ ಎರಡು ತೋಳನ್ನೂ ಒಟ್ಟಿಗೇ ಕತ್ತರಿಸುತ್ತೇವೆ, ಆಗ ತಪ್ಪುವ ಮಾತೇ ಇಲ್ಲ. ಜರಿ ಅಂಚಿನ ಬಟ್ಟೆ ಕಡಿಮೆ ಇದ್ದಾಗ ಮಾತ್ರ ಒಂದೊಂದೇ ತೋಳು ಕತ್ತರಿಸಬೇಕು. ಮೊದಲನೆಯದು ಆದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿ ಎರಡನೆಯದಕ್ಕೆ ಕತ್ತರಿ ಇಡಬೇಕು. ಆ ದಿನ ನಾನು ಕಾಗದ ಮಗುಚಲಿಲ್ಲ. ಮಗುಚಿದ್ದೆ ಎಂದೇ ನನ್ನ ನೆನಪು. ನಿದ್ದೆಗೆಟ್ಟ ತಲೆ, ಮಾಡದ ಕೆಲಸವನ್ನು ಮಾಡಿದ್ದೇನೆ ಎಂದು ಆಣೆ ಇಟ್ಟು ಹೇಳುತ್ತದೆ.

ಸೀರೆ ತಂದವರು ಜಯನಗರದ ಹಿರಿಯ ಹೆಂಗಸು, ಮೊಮ್ಮಗಳ ಮದುವೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಎರಡು ತೋಳನ್ನೂ ಕೈಯಲ್ಲಿ ಹಿಡಿದು ನೋಡಿ, “ಪರವಾಗಿಲ್ಲ ಬಿಡಮ್ಮ, ನಿಂಗೂ ವಯಸ್ಸಾಯ್ತು” ಎಂದರು. ಎಪ್ಪತ್ತೈದು ದಾಟಿದವರು ಐವತ್ತೆರಡರ ನನಗೆ ಹೇಳಿದ ಮಾತು ಅದು! ನಾಲ್ಕು ಬೈದಿದ್ದರೆ ಅತ್ತು ಮರೆತುಬಿಡುತ್ತಿದ್ದೆ. ಈ ಮಾತನ್ನು ಮರೆಯಲು ಆಗಲಿಲ್ಲ.

ಅವರು ಹೋದ ಮೇಲೆ ಕತ್ತರಿಯನ್ನು ಒರೆಸಿ ಡಬ್ಬಕ್ಕೆ ಹಾಕಿದೆ. ಇನ್ನು ಬಟ್ಟೆ ಕತ್ತರಿಸುವುದಿಲ್ಲ ಎಂದು ತೀರ್ಮಾನ ಮಾಡಿದೆ. ಮಾರುಕಟ್ಟೆಯ ಹತ್ತಿರ ಒಬ್ಬ ಕಟಿಂಗ್ ಮಾಸ್ಟರ್ ಇದ್ದಾನೆ, ಒಳ್ಳೆಯ ಕೈ. ಮರುದಿನದಿಂದ ಬಟ್ಟೆಗಳೆಲ್ಲ ಅವನಲ್ಲಿಗೆ ಹೋಗಿ ಕತ್ತರಿಸಿಕೊಂಡು ಬರತೊಡಗಿದವು. ಹೊಲಿಯುವುದು ಯಾರ ಕೈಯಲ್ಲಾದರೂ ಆದೀತು, ಆದರೆ ರವಿಕೆ ರವಿಕೆಯಾಗುವುದು ಕತ್ತರಿಯಲ್ಲಿ. ಬೇರೆಯವರು ಕತ್ತರಿಸಿದ್ದಕ್ಕೆ ದಾರ ಓಡಿಸುವುದು, ಸೀರೆಗೆ ಫಾಲ್ಸ್ ಹಾಕುವುದು, ಕುಚ್ಚು ಕಟ್ಟುವುದು, ಇಷ್ಟೇ ನನ್ನ ಬಾಳು ಎಂದರೆ ಆ ಅಂಗಡಿಯ ಬಾಗಿಲು ಯಾಕೆ ತೆಗೆಯಬೇಕು?

ತಪ್ಪು ಕತ್ತರಿಯದಲ್ಲ, ವಯಸ್ಸಿನದೂ ಅಲ್ಲ. ಅದಕ್ಕೂ ಒಂದು ವರ್ಷ ಮೊದಲಿನಿಂದ ನನಗೆ ನಿದ್ದೆ ಇರಲಿಲ್ಲ. ಮುಟ್ಟು ನಿಲ್ಲುವ ಕಾಲ, ಹಾಗೇ ಆಗುತ್ತದೆ ಎಂದರು ಕೆಲವರು. ಮೊಬೈಲ್ ನೋಡುವುದು ಬಿಡಿ ಎಂದರು ಇನ್ನು ಕೆಲವರು. ನಾನು ಮೊಬೈಲಿನಲ್ಲಿ ಮಾತನಾಡುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದರೆ ಯಾರೂ ನಂಬಲಿಲ್ಲ. ನಮ್ಮ ಮನೆಯವರಿಗೋ, ದಿಂಬಿಗೆ ತಲೆ ತಾಗುವ ಮೊದಲೇ ಗೊರಕೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಆ ಮನುಷ್ಯನ ಮೇಲೆ ಬರದಷ್ಟು ಸಿಟ್ಟು ಆ ಗೊರಕೆ ಕೇಳುತ್ತಾ ಬಂತು. ಪಾಪ, ಅವರು ಮಾಡಿದ ತಪ್ಪೇನು? ನಿದ್ದೆ ಮಾಡಿದ್ದು.

ರಾತ್ರಿಯ ಪಾಡು ಹೇಗೋ ಕಳೆಯುತ್ತದೆ. ಹಗಲು ಕಳೆಯುವುದೇ ಕಷ್ಟ. ಕಾಫಿಗೆ ಉಪ್ಪು ಹಾಕಿದೆ. ನೀರಿಲ್ಲದ ಕುಕ್ಕರನ್ನು ಒಲೆಯ ಮೇಲಿಟ್ಟು ಮರೆತೆ. ಕುತ್ತಿಗೆ ಸ್ವಲ್ಪ ಇಳಿಸಿ ಎಂದು ಕೇಳಿದ ಕಾಲೇಜು ಹುಡುಗಿಯನ್ನು ಅಳುವ ಹಾಗೆ ಗದರಿಸಿದೆ. ಒಂದು ಮಧ್ಯಾಹ್ನ ಜಯನಗರದಿಂದ ದಾರ, ಲೈನಿಂಗ್ ಬಟ್ಟೆ ತರುತ್ತಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಕಣ್ಣು ಬಿಟ್ಟಾಗ ಬಸ್ಸು ಖಾಲಿ. “ಆಂಟಿ, ಲಾಸ್ಟ್ ಸ್ಟಾಪು” ಎಂದು ಕಂಡಕ್ಟರ್ ಸೀಟು ತಟ್ಟುತ್ತಿದ್ದ. ಬನಶಂಕರಿ ಯಾವಾಗಲೋ ಹಿಂದೆ ಹೋಗಿತ್ತು, ನಾನು ವಸಂತಪುರದಲ್ಲಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ, ಜಾಗವಲ್ಲದ ಜಾಗದಲ್ಲೆಲ್ಲ ನಿದ್ದೆ ಬರುತ್ತಿತ್ತು. ಹಾಸಿಗೆಯ ಮೇಲೆ ಮಾತ್ರ ಬರುತ್ತಿರಲಿಲ್ಲ.

ಉಪಾಯ ಹೇಳದವರೇ ಇಲ್ಲ. ಬಿಸಿ ಹಾಲಿಗೆ ಜಾಯಿಕಾಯಿ ತೇದು ಕುಡಿದೆ. ದಕ್ಷಿಣಕ್ಕೆ ತಲೆ ಹಾಕಿದೆ. ಗಸಗಸೆ ಪಾಯಸ ಮಾಡಿದೆ, ಹದಿನೈದು ದಿನ ಬಿಡದೆ ಕುಡಿದೆ, ನನ್ನ ರವಿಕೆಯನ್ನೇ ಅರ್ಧ ಇಂಚು ಬಿಡಿಸಬೇಕಾಗಿ ಬಂತು. ಅಂಗಾಲಿಗೆ ಹರಳೆಣ್ಣೆ ಹಚ್ಚಿದೆ. ಕಾಲಿಗೆ ಹಚ್ಚಿದ ಎಣ್ಣೆಯನ್ನು ಕಣ್ಣಿಗೇ ಬಿಟ್ಟುಕೊಂಡ ಹಾಗೆ ಕಾದೆ, ನಿದ್ದೆ ಮಾತ್ರ ಬರಲಿಲ್ಲ. ಇಷ್ಟೂ ಜನ ಕೊನೆಗೆ ಹೇಳುತ್ತಿದ್ದ ಮಾತು ಒಂದೇ, ಬೇಗ ಮಲಗಿ. ಸರಿ, ಹತ್ತಕ್ಕೆ ಮಲಗುತ್ತಿದ್ದವಳು ಒಂಬತ್ತಕ್ಕೆ ಮಲಗಿದೆ, ಆಮೇಲೆ ಎಂಟೂವರೆಗೇ ಮಲಗಿದೆ. ಪಕ್ಕದ ಮನೆಯ ಟಿವಿಯಲ್ಲಿ ಧಾರಾವಾಹಿ ಇನ್ನೂ ಶುರುವಾಗಿರುತ್ತಿರಲಿಲ್ಲ.

ತೋಳಿನ ಪ್ರಸಂಗ ಆದ ಮೇಲೆ ನಮ್ಮ ಮನೆಯವರೇ ಒತ್ತಾಯ ಮಾಡಿ ಜೆ.ಪಿ. ನಗರದ ಒಂದು ಕ್ಲಿನಿಕ್ಕಿಗೆ ಕಳಿಸಿದರು. ನಾನು ಡಾಕ್ಟರ ಮುಂದೆ ನಿದ್ದೆಯ ಮಾತೇ ಎತ್ತಲಿಲ್ಲ. ಎತ್ತಿದರೆ ಮಾತ್ರೆ ಬರೆಯುತ್ತಾರೆ, ಒಮ್ಮೆ ಹಿಡಿದರೆ ಬಿಡಲಾಗದು ಎಂಬ ಭಯ. ಮೈಯೆಲ್ಲ ಸುಸ್ತು, ಕೈ ತಪ್ಪುತ್ತಿದೆ ಎಂದಷ್ಟೇ ಹೇಳಿದೆ. ಡಾಕ್ಟರು ಒಂದೊಂದೇ ಕೇಳುತ್ತಾ ಬಂದರು. ಊಟ ಸೇರುತ್ತಾ, ತೂಕ ಇಳಿದಿದೆಯಾ. ಆಮೇಲೆ, ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಾ, ಎಷ್ಟಕ್ಕೆ ಏಳ್ತೀರಾ ಎಂದರು.

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಎಂಟೂವರೆಗೆ ಮಲಗ್ತೀನಿ, ಆರಕ್ಕೆ ಏಳ್ತೀನಿ ಎಂದೆ. ಅವರು ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ಒಂಬತ್ತೂವರೆ ಗಂಟೆ ಮಲಗಿಯೂ ಸುಸ್ತೇ ಎಂದು ಥೈರಾಯ್ಡು, ರಕ್ತ, ಸಕ್ಕರೆ ಎಲ್ಲಕ್ಕೂ ಪರೀಕ್ಷೆ ಬರೆದರು. ಯಾವುದರಲ್ಲೂ ದೋಷ ಸಿಗಲಿಲ್ಲ. ನಿದ್ದೆ ಸ್ವಲ್ಪ ಜಾಸ್ತಿಯಾಯಿತು, ಕಡಿಮೆ ಮಾಡಿ, ಬೆಳಿಗ್ಗೆ ವಾಕಿಂಗ್ ಹೋಗಿ ಎಂದು ಕಳಿಸಿದರು.

ಅಂಗಡಿಗೆ ಬಂದವಳೇ ಕುರ್ಚಿಯ ಮೇಲೆ ಕುಸಿದು ಕೂತು, ಬಾಯಿಗೆ ಬಂದದ್ದೆಲ್ಲ ಅಂದೆ. ಒಂದು ವರ್ಷದಿಂದ ನಿದ್ದೆಗಾಗಿ ಗೋಗರೆಯುತ್ತಿರುವವಳಿಗೆ ನಿದ್ದೆ ಕಡಿಮೆ ಮಾಡಿ ಅನ್ನುತ್ತಾರಲ್ಲ, ಇವರು ಎಂಥ ಡಾಕ್ಟರು ಎಂದೆ. ಕೇಳಿಸಿಕೊಳ್ಳಲು ಇದ್ದವಳು ನನ್ನ ಜೊತೆ ಕೆಲಸ ಮಾಡುವ ಹೆಂಗಸು. ಬಾಗಲಕೋಟೆ ಕಡೆಯವಳು, ಗಂಡನ ಜೊತೆ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಮೂವತ್ತೈದರ ವಯಸ್ಸು. ಕೊಕ್ಕೆ, ಗುಂಡಿ, ಹೆಮ್ಮಿಂಗ್ ಅವಳದೇ. ಮಾತು ಕಡಿಮೆ, ಆಡಿದರೆ ತೂಕ. ಕೊಕ್ಕೆ ಹಾಕುತ್ತಲೇ, ಡಾಕ್ಟರು ಏನು ಕೇಳಿದರು, ನೀವು ಏನು ಹೇಳಿದಿರಿ ಎಂದು ವಿಚಾರಿಸಿದಳು. ನಾನು ಮಾತಿಗೆ ಮಾತು ಒಪ್ಪಿಸಿದೆ. ಅವಳು ಸೂಜಿ ಬಿಟ್ಟು ನಗತೊಡಗಿದಳು.

“ಅಕ್ಕಾರ, ನೀವು ಎಂಟೂವರಿಗೆ ಅಡ್ಡ ಆಗ್ತೀರಿ. ನಿದ್ದಿ ಯಾವಾಗ ಹತ್ತತೈತಿ? ಅಡ್ಡ ಆಗೋದು ಬ್ಯಾರೆ, ನಿದ್ದಿ ಹತ್ತೋದು ಬ್ಯಾರೆ ಅಲ್ರೀ.”

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಹೊಳೆಯಿತು. ನಾವು ಈ ಕಡೆಯವರು ಮೈ ಚಾಚಿದರೂ ಮಲಗಿದ್ದಾರೆ ಅನ್ನುತ್ತೇವೆ, ನಿದ್ದೆ ಹೋದರೂ ಮಲಗಿದ್ದಾರೆ ಅನ್ನುತ್ತೇವೆ. ಡಾಕ್ಟರು ನಿದ್ದೆಯ ಲೆಕ್ಕ ಕೇಳಿದ್ದರು, ನಾನು ಹಾಸಿಗೆಯ ಲೆಕ್ಕ ಕೊಟ್ಟಿದ್ದೆ. ಅವರದೂ ಕನ್ನಡ, ನನ್ನದೂ ಕನ್ನಡ, ಇಬ್ಬರೂ ಆಡಿದ್ದು ನಿಜ. ಒಂದೇ ಒಂದು ಮಾತು ನನ್ನ ರೋಗವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಿತ್ತು. ಬೇಗ ಮಲಗಿ ಎಂದು ಊರೆಲ್ಲ ಹೇಳಿದ್ದು ಬೇಗ ನಿದ್ದೆ ಮಾಡಿ ಎಂದು. ನಾನು ಮಾಡಿದ್ದು ಬೇಗ ಅಡ್ಡಾಗಿದ್ದು. ನನಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮತ್ತೊಮ್ಮೆ ಹೋದಾಗ ಮಾತ್ರೆಯ ಭಯ ಪಕ್ಕಕ್ಕಿಟ್ಟು ಇದ್ದದ್ದನ್ನೆಲ್ಲ ಹೇಳಿದೆ. ಒಂಬತ್ತೂವರೆ ಗಂಟೆ ಹಾಸಿಗೆ, ನಾಲ್ಕು ಗಂಟೆ ನಿದ್ದೆ, ಅದೂ ಚೂರುಚೂರು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, “ತಪ್ಪು ನಂದು, ನಾನು ಸರಿಯಾಗಿ ಕೇಳ್ಬೇಕಿತ್ತು” ಎಂದರು. ಆ ಒಂದು ಮಾತಿಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಮಾತ್ರೆ ಬರೆಯಲಿಲ್ಲ. ಅದಕ್ಕಿಂತ ಕಹಿಯಾದದ್ದನ್ನು ಹೇಳಿದರು. ರಾತ್ರಿ ಹನ್ನೆರಡರವರೆಗೆ ಹಾಸಿಗೆಯ ಹತ್ತಿರ ಸುಳಿಯಬಾರದು. ಮಲಗಿ ನಿದ್ದೆ ಬರದಿದ್ದರೆ ಎದ್ದು ಬಂದು ಕೂರಬೇಕು. ನಿದ್ದೆ ಬಂದಿರಲಿ ಬಿಡಲಿ, ಐದೂವರೆಗೆ ಏಳಬೇಕು. ಹಗಲು ಒಂದು ಗಳಿಗೆಯೂ ಕಣ್ಣು ಮುಚ್ಚುವಂತಿಲ್ಲ. ವಾರಕ್ಕೊಮ್ಮೆ ಬಂದು ತೋರಿಸಬೇಕು. ಹಾಸಿಗೆಗೆ ಹೋದ ಹೊತ್ತು, ನಿದ್ದೆ ಬಂದ ಹೊತ್ತು, ಎರಡನ್ನೂ ಬೇರೆ ಬೇರೆ ಬರೆದಿಡಬೇಕು. ನನ್ನ ಅಂಗಡಿಯ ಅಳತೆ ಪುಸ್ತಕದಲ್ಲೇ ಬರೆದೆ. ಗಿರಾಕಿಗಳ ಎದೆ, ಸೊಂಟ, ತೋಳಿನ ಉದ್ದದ ನಡುವೆ ನನ್ನ ನಿದ್ದೆಯ ಅಳತೆಯೂ ಸೇರಿತು.

ಮೊದಲ ಹತ್ತು ದಿನ ನರಕ. ಹನ್ನೊಂದರ ಹೊತ್ತಿಗೆ ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು, ಹನ್ನೆರಡಾಗಲಿಲ್ಲ ಎಂದು ನಿಂತುಕೊಂಡು ಬಟ್ಟೆ ಮಡಿಸುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಹೊಲಿಗೆ ಮೆಷಿನ್ನಿನ ಮೇಲೇ ತಲೆ ವಾಲುತ್ತಿತ್ತು. ನನ್ನ ಬಾಗಲಕೋಟೆಯವಳು ಪೊಲೀಸಿನವಳಾದಳು. ತಲೆ ವಾಲಿತೋ, “ಅಕ್ಕಾರ” ಎಂದು ಕೂಗು. ಬಯ್ದೆ, ಕೆಲಸದಿಂದ ತೆಗೆಯುತ್ತೇನೆ ಎಂದೂ ಹೆದರಿಸಿದೆ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ, ಲೋಟದಲ್ಲಿ ತಣ್ಣೀರು ತಂದಿಟ್ಟು ಮುಖ ತೊಳೆಯಲು ಹೇಳಿದಳು. ಇಂಥ ಒಂದು ಮಧ್ಯಾಹ್ನ ಇದೆಲ್ಲ ಸಾಕು, ನನ್ನ ಹಣೆಯಲ್ಲಿ ಇಷ್ಟೇ ಬರೆದಿರುವುದು ಎಂದು ಜೋರಾಗಿ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. ನಾನು ಅಳುವುದು ಮುಗಿಯುವವರೆಗೆ ಪಕ್ಕದಲ್ಲಿ ಕೂತು ಕೊಕ್ಕೆ ಹಾಕುತ್ತಿದ್ದಳು.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಅಲಾರಾಂ ಹೊಡೆದಾಗ, ಯಾರ ಮನೆಯಲ್ಲಿ ಇದು ಹೊಡೆಯುತ್ತಿದೆ ಎಂದುಕೊಂಡೆ. ಐದೂವರೆ. ಹನ್ನೆರಡಕ್ಕೆ ಮಲಗಿದ್ದಷ್ಟೇ ನೆನಪು. ನಡುವೆ ಏನೂ ಇಲ್ಲ. ಗೊರಕೆ ಇಲ್ಲ, ಬೀದಿನಾಯಿ ಇಲ್ಲ, ಎರಡು ಎಡ ತೋಳು ಇಲ್ಲ. ಅಡುಗೆಮನೆಗೆ ಹೋಗಿ ಕಾಫಿ ಮಾಡಿ ಒಬ್ಬಳೇ ನಿಂತು ಕುಡಿದೆ. ಸಕ್ಕರೆ ಸರಿಯಾಗಿತ್ತು. ನಮ್ಮ ಮನೆಯವರನ್ನು ಎಬ್ಬಿಸಿ ಐದೂವರೆ ಗಂಟೆ ನಿದ್ದೆ ಬಂತು ಎಂದೆ. ಅಷ್ಟೇನಾ ಎಂದು ಮಗ್ಗುಲು ತಿರುಗಿದರು. ಕುಂಭಕರ್ಣನಿಗೇನು ಗೊತ್ತು ಐದೂವರೆ ಗಂಟೆಯ ಬೆಲೆ! ಡಾಕ್ಟರು ಮಾತ್ರ ಅಳತೆ ಪುಸ್ತಕ ನೋಡಿ ಖುಷಿಪಟ್ಟರು, ಕಾಲು ಗಂಟೆ ಮುಂಚೆ ಮಲಗಲು ಅಪ್ಪಣೆ ಕೊಟ್ಟರು. ಹೀಗೆ ಕಾಲು ಗಂಟೆ, ಕಾಲು ಗಂಟೆಯಾಗಿ ಎರಡು ತಿಂಗಳಲ್ಲಿ ಆರೂಮುಕ್ಕಾಲು ಗಂಟೆ ನಿದ್ದೆ ಗೆದ್ದುಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಇಳಿಯುವ ಜಾಗದಲ್ಲೇ ಇಳಿಯತೊಡಗಿದೆ. ಗದರಿಸಿಕೊಂಡಿದ್ದ ಕಾಲೇಜು ಹುಡುಗಿ ದಾರಿಯಲ್ಲಿ ಸಿಕ್ಕಾಗ ಕರೆದು ಕ್ಷಮೆ ಕೇಳಿದೆ.

ಆದರೂ ಕತ್ತರಿ ಡಬ್ಬದಲ್ಲೇ ಇತ್ತು. ನಿದ್ದೆ ಬಂದಷ್ಟು ಸುಲಭವಾಗಿ ಧೈರ್ಯ ಬರಲಿಲ್ಲ. ಬಟ್ಟೆ ಹರಡಿದರೆ ಆ ಹಿರಿಯ ಹೆಂಗಸಿನ ಮಾತು ಕಿವಿಯಲ್ಲಿ ಕೇಳುತ್ತಿತ್ತು. ನಾಳೆ ನೋಡೋಣ ಎಂದು ಮಡಿಸಿ ಮಾಸ್ಟರ್‌ಗೆ ಕಳಿಸುತ್ತಿದ್ದೆ.

ಒಂದು ಬೆಳಿಗ್ಗೆ ನನ್ನ ಜೊತೆಗಾತಿ ಚೀಲದಿಂದ ಒಂದು ಖಣ ತೆಗೆದು ಮೇಜಿನ ಮೇಲೆ ಹರಡಿದಳು. ಖಣ ಎಂದರೆ ಅವರ ಕಡೆ ರವಿಕೆಗೆಂದೇ ನೇಯುವ ಬಟ್ಟೆ, ಅಗಲ ಕಡಿಮೆ, ಮೈತುಂಬ ಸಣ್ಣ ಹೂ, ಎರಡು ಕಡೆ ಅಂಚು. ಒಂದು ರವಿಕೆಗೆ ಲೆಕ್ಕ ಹಾಕಿದಷ್ಟೇ ಇರುತ್ತದೆ, ತಪ್ಪಿದರೆ ತೇಪೆಗೂ ಚೂರು ಉಳಿಯುವುದಿಲ್ಲ. ಕಡುನೇರಳೆ ಬಣ್ಣ, ಮಡಿಕೆಯ ಗೆರೆ ಹಳೆಯದು.

“ಅವ್ವ ಹೋಗೋ ಮುಂದ ಕೊಟ್ಟಿದ್ದು ಐತ್ರಿ. ಐದು ವರ್ಷ ಇಟ್ಕೊಂಡೀನಿ. ಮಾಸ್ತರ ಕಡೆ ಕಳಸಬ್ಯಾಡ್ರಿ, ನೀವ ಕತ್ತರಸ್ರಿ.”

ನಾನು ಬೇಡ ಎಂದೆ. ಬೇರೆ ಬಟ್ಟೆಯ ಮೇಲೆ ಮೊದಲು ಕೈ ಪಳಗಿಸಿಕೊಳ್ಳುತ್ತೇನೆ, ಇದು ಹಾಳಾದರೆ ಎಲ್ಲಿಂದ ತರಲಿ ಎಂದೆ. ಅವಳು ಡಬ್ಬ ತೆಗೆದು ಕತ್ತರಿಯನ್ನು ಖಣದ ಪಕ್ಕ ಇಟ್ಟು ತನ್ನ ಕೊಕ್ಕೆಗಳ ಹತ್ತಿರ ಹೋಗಿ ಕೂತಳು. ತಿರುಗಿಯೂ ನೋಡಲಿಲ್ಲ.

ಬೆನ್ನು, ಎದೆಯ ಭಾಗ ಕತ್ತರಿಸಿದೆ. ಮೊದಲ ತೋಳು ಕತ್ತರಿಸಿದೆ. ಕಾಗದ ಮಗುಚಿದೆ. ಮಗುಚಿದೆನಾ ಎಂದು ನನ್ನನ್ನೇ ಕೇಳಿಕೊಂಡೆ. ಕತ್ತರಿಸಿದ ತೋಳನ್ನು ಕಾಗದದ ಪಕ್ಕದಲ್ಲಿಟ್ಟು ಕಣ್ಣಿನಿಂದ ನೋಡಿದೆ, ಬೆರಳಿನಿಂದ ಮುಟ್ಟಿದೆ, ಕಂಕುಳಿನ ಬಾಗು ಯಾವ ಕಡೆ ಇದೆ ಎಂದು ಅಳೆದೆ. ಮಗುಚಿದ್ದೆ. ತಲೆಯೊಳಗೆ ಮಂಜು ಇರಲಿಲ್ಲ, ನೆನಪು ಸುಳ್ಳು ಹೇಳುತ್ತಿರಲಿಲ್ಲ. ಎರಡನೆಯ ತೋಳಿಗೆ ಕತ್ತರಿ ಇಟ್ಟಾಗ ಖಣದ ದಪ್ಪ ನೂಲು ಕರಕರ ಎಂದು ಒಂದೇ ಉಸಿರಿಗೆ ತುಂಡಾಯಿತು. ಎರಡನ್ನೂ ಎದುರುಬದುರು ಇಟ್ಟೆ. ಒಂದು ಎಡ, ಒಂದು ಬಲ. ಕೈಕೊಟ್ಟಿದ್ದ ಕೈ ವಾಪಸು ಬಂದಿತ್ತು. ಆ ಹೊತ್ತಿನ ಸಂತೋಷವನ್ನು ಹೇಗೆ ಹೇಳಲಿ, ನನ್ನ ಮದುವೆಯ ದಿನವೂ ನಾನು ಅಷ್ಟು ಗೆದ್ದವಳ ಹಾಗೆ ನಿಂತಿರಲಿಲ್ಲ.

ಸಂಜೆಯೊಳಗೆ ಹೊಲಿದು ಕೊಟ್ಟೆ. ಮರುದಿನ ಅದನ್ನು ತೊಟ್ಟುಕೊಂಡೇ ಬಂದಳು. ಬಾಗಿಲಲ್ಲಿ ನಿಂತು, ಅಳತೆ ಸರಿಯಿದೆಯೇ ನೋಡಿ ಎನ್ನುವಂತೆ ಎರಡು ಕೈಯನ್ನೂ ಮೇಲೆತ್ತಿದಳು. ಎಲ್ಲಿಯೂ ಎಳೆಯಲಿಲ್ಲ, ಎಲ್ಲಿಯೂ ಸುಕ್ಕು ಬೀಳಲಿಲ್ಲ. ಅವಳ ಕಣ್ಣು ತುಂಬಿತ್ತು, ನನ್ನದೂ. ನಾನು ನೇರ ಫೋನ್ ತೆಗೆದು ಕಟಿಂಗ್ ಮಾಸ್ಟರ್‌ಗೆ ಕರೆ ಮಾಡಿದೆ. ಇಷ್ಟು ದಿನ ಕೈ ಹಿಡಿದದ್ದಕ್ಕೆ ಉಪಕಾರ, ಇನ್ನು ಬಟ್ಟೆ ಕಳಿಸುವುದಿಲ್ಲ ಎಂದೆ. ಅವನಿಗೆ ಸ್ವಲ್ಪ ಬೇಸರವಾಯಿತೋ ಏನೋ, ತನ್ನ ಕೆಲಸದಲ್ಲಿ ಏನಾದರೂ ತಪ್ಪಾಯಿತಾ ಎಂದು ಕೇಳಿದ. ಏನೂ ಇಲ್ಲ ಎಂದೆ.

“ಮತ್ತೆ ಬೇರೆ ಮಾಸ್ಟರ್ ಸಿಕ್ಕಿದ್ರಾ ಅಕ್ಕ? ಯಾರು?”

“ನಾನೇ ಕಣಪ್ಪ” ಎಂದೆ.