ದೊಡ್ಡತ್ತೆಯ ಸಂಚಿ ಮತ್ತು ಎಂಟು ಸಿಲಿಂಡರಿನ ಕಾರು

ದೊಡ್ಡತ್ತೆಯ ಎಡಗೈ ಹೆಬ್ಬೆರಳಿನ ಉಗುರು ಸುಣ್ಣ ಸವರಿ ಸವರಿ ಬೆಳ್ಳಗಾಗಿತ್ತು, ಬಲಗೈಯದು ಕರ್ರಗಿತ್ತು. ಬಿಳಿ ಉಗುರಿನ ಹೆಂಗಸರು ಆಳಂದದಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಕರಿ ಉಗುರು ಮಾತ್ರ ಅವರೊಬ್ಬರದೇ. ಅವರ ಎಲೆಅಡಿಕೆ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಲವಂಗ ಇರುತ್ತಿದ್ದವು. ಕೊನೆಯ ಖಾನೆಯಲ್ಲಿ ಮಡಚಿಟ್ಟ ಉಸುಕಿನ ಕಾಗದ. ಕಾರು ಕೆಟ್ಟು ನಿಂತಲ್ಲಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತಿ, ಆ ಕಾಗದದಿಂದ ಇಂಜಿನ್ನಿನ ಪಾಯಿಂಟು ತಿಕ್ಕುತ್ತಿದ್ದರು. ಆಮೇಲೆ ಅದೇ ಕೈಯಿಂದ ಎಲೆ ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೈ ತೊಳೆದುಕೊಳ್ಳಿ ಎಂದರೆ, "ಇಷ್ಟ ವರ್ಷ ತಿಂದೇನಿ, ಏನಾಗ್ಯದ? ಹೊಟ್ಯಾಗ ಕಿಡಿ ಹಾರ್ಯಾವೇನು?" ಎಂದು ನನ್ನನ್ನೇ ಕೇಳುತ್ತಿದ್ದರು.

ಅವರು ನನ್ನ ಮಾವನವರ ಅಣ್ಣನ ಹೆಂಡತಿ. ನಾನು ಸೊಸೆಯಾಗಿ ಬರುವಷ್ಟರಲ್ಲಿ ದೊಡ್ಡಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ತೊಗರಿ ಬೆಳೆಯುವ ಮನೆಯಲ್ಲಿ ಹುಟ್ಟಿದರೂ ಅವರಿಗೆ ಕಾರಿನ ಹುಚ್ಚು. ಹೈದರಾಬಾದಿನಿಂದ ಒಂದು ಹಳೆಯ ಅಮೆರಿಕನ್ ಕಾರು ತಂದಿದ್ದರು. ಉದ್ದ ಮೂಗು, ಎರಡೇ ಬಾಗಿಲು, ಎಂಟು ಸಿಲಿಂಡರು, ಸ್ಟೇರಿಂಗ್ ಎಡಗಡೆ. ಎದುರಿಗೆ ಬರುವವರು ಬಲಗಡೆ ನೋಡಿ, ಓಡಿಸುವವರೇ ಇಲ್ಲವಲ್ಲ ಎಂದು ಹೌಹಾರುತ್ತಿದ್ದರಂತೆ. ಅದನ್ನು ಓಡಿಸುವುದನ್ನೂ ರಿಪೇರಿ ಮಾಡುವುದನ್ನೂ ಹೆಂಡತಿಗೆ ಕಲಿಸಿದ್ದರು. ಮಕ್ಕಳಿರಲಿಲ್ಲ. ಅವರು ಹೋದ ಮೇಲೆ ಮನೆಯ ಗಂಡಸರು ಕೂತು ಒಂದು ತೀರ್ಮಾನ ಮಾಡಿದರು. ಗಾಡಿ ವೈನಿಯದು, ಅಂದರೆ ಅಣ್ಣನ ಹೆಂಡತಿಯದು, ಆದರೆ ಅಣ್ಣ ಇಟ್ಟಂತೆಯೇ ಇರಬೇಕು. ಒಂದು ನಟ್ಟು ಬದಲಾದರೂ ಗಾಡಿ ಮನೆಯದು.

ಮಾವನವರು ಕೆಟ್ಟವರಲ್ಲ. ಅಣ್ಣನ ಮೇಲೆ ಅವರಿಗೆ ಜೀವ. ಆ ಕಾರಿನಲ್ಲಿ ಅಣ್ಣ ಇನ್ನೂ ಇದ್ದಾನೆ ಅಂತಲೇ ಅವರು ನಂಬಿದ್ದರು. ಆದರೆ ಅಣ್ಣ ಇಟ್ಟಂತೆ ಇದ್ದ ಆ ಕಾರು ಊರು ದಾಟಿ ಹೆಚ್ಚು ದೂರ ಹೋಗುತ್ತಿರಲಿಲ್ಲ.

ಕಾರಣ ಸಣ್ಣದು. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೆರೆದು ಮುಚ್ಚಿ ಕಿಡಿಗೆ ಕಾರಣವಾಗುವ ಎರಡು ಲೋಹದ ತುದಿಗಳಿರುತ್ತವೆ, ಅವೇ ಪಾಯಿಂಟು. ನಮ್ಮ ಕಡೆಯ ಬಿಸಿಲಿಗೆ, ಆ ದೈತ್ಯ ಇಂಜಿನ್ನಿನ ಕಾವಿಗೆ ಅವು ಸುಟ್ಟು ಮಸಿ ಹಿಡಿಯುತ್ತಿದ್ದವು. ತಿಕ್ಕಿದರೆ ಇನ್ನೊಂದಿಷ್ಟು ದೂರ, ಆಮೇಲೆ ತಿಕ್ಕಿದರೂ ಇಲ್ಲ. ಆಗ ಮನೆಯಿಂದ ಟ್ರ್ಯಾಕ್ಟರು ಬರಬೇಕು. ಹಗ್ಗ ಕಟ್ಟಿ, ಬಜಾರಿನ ನಡುವೆ ಎಳೆದುಕೊಂಡು ಬರಬೇಕು. ಹಿಂದೆ ಸ್ಟೇರಿಂಗ್ ಹಿಡಿದು ಕೂತ ದೊಡ್ಡತ್ತೆ ಎರಡೂ ಬದಿಯ ಅಂಗಡಿಯವರನ್ನು ದಿಟ್ಟಿಸಿ ನೋಡುತ್ತ ಬರುತ್ತಿದ್ದರು. ಯಾರಾದರೂ ನಕ್ಕರೆ ಕಿಟಕಿಯಿಂದ ಒಂದೇ ಮಾತು: "ಬಂದ್ ಬಿದ್ದದ್ದು ಗಾಡಿ, ನಾ ಅಲ್ಲ!"

ನನ್ನ ಬಳಿ ಮಾತ್ರ ಬೇರೆ ಹೇಳಿದ್ದರು. "ಅವ್ರು ಹಗ್ಗ ತರೂದು ಗಾಡಿಗಲ್ಲ ಬೇ, ನನಗ."

ನನಗದು ಅರ್ಥವಾಗದೆ ಇರಲಿಲ್ಲ. ನಾನು ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಬಿಡಲು ಒಬ್ಬರು, ಕರೆತರಲು ಒಬ್ಬರು ಬರುತ್ತಿದ್ದರು, ಮನೆಯವರೆಲ್ಲ ಅದನ್ನು ಅಕ್ಕರೆ ಎನ್ನುತ್ತಿದ್ದರು. ಗೇಟಿನ ಹೊರಗೆ ಒಬ್ಬಳೇ ನಿಂತರೆ ಮನೆಯ ಕಿಟಕಿಯಲ್ಲಿ ಯಾರದೋ ಮುಖ ಕಾಣುತ್ತಿತ್ತು. ದೊಡ್ಡತ್ತೆ ಅದನ್ನು ಕಂಡು, ಗಂಡಸರು ತೊಗರಿ ಮಾರಲು ಅಡತಿ ಅಂಗಡಿಗೆ ಹೋದ ಮಧ್ಯಾಹ್ನಗಳಲ್ಲಿ ನನಗೆ ಡ್ರೈವಿಂಗ್ ಕಲಿಸಲು ಶುರುಮಾಡಿದರು. ಅಂಗಳದಲ್ಲೇ, ಬೇವಿನ ಗಿಡದ ಸುತ್ತ. ಎರಡನೇ ಗೇರಿಗೆ ಜಾಗವೇ ಇರಲಿಲ್ಲ. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ನೆಲದಲ್ಲಿ ಗಾಲಿಯ ಗುಂಡಿ ಬಿದ್ದಿತ್ತು.

"ಇಷ್ಟ ದೊಡ್ಡ ಗಾಡಿ ಇಷ್ಟ ಸಣ್ಣ ಜಾಗಾದಾಗ ತಿರುವೂದು ಕಲ್ತ್ಯಂದ್ರ, ರಸ್ತಾ ಏನ್ ಹೆಚ್ಚಿಂದು?" ಎಂದು ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು.

ಅವರಿಗೆ ಹೋಗಬೇಕಾಗಿದ್ದದ್ದು ಒಂದೇ ಕಡೆ. ಜೇವರ್ಗಿ ಕಡೆಯ ಕೊಳಕೂರು, ಅವರ ತವರು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದಾದರೆ ಅಲ್ಲಿಂದ ಯಾರಾದರೂ ಕರೆಯಲು ಬರಬೇಕು. ಕರೆಯದೆ ಹೋದರೆ ಮರ್ಯಾದೆಯಲ್ಲ. ಅವರ ಒಬ್ಬನೇ ಅಣ್ಣ ಬದುಕಿರುವವರೆಗೆ ತಪ್ಪದೆ ಬಂದಿದ್ದ. ಅವನು ಹೋದ ಮೇಲೆ ಅತ್ತಿಗೆ ಮಂಡಿನೋವಿಗೆ ಮೂಲೆ ಹಿಡಿದಿದ್ದರು, ಬರುವವರು ಯಾರೂ ಉಳಿಯಲಿಲ್ಲ. ನಮ್ಮ ಮನೆಯವರೂ, "ಕರಿಯಾಕ ಬರಲಾರದ ಹೆಂಗ ಕಳಸೂದು?" ಎಂದು ಸುಮ್ಮನಾದರು. ಪಂಚಮಿಯ ದಿನ ಓಣಿಯ ಹುಡುಗಿಯರು ಜೋಕಾಲಿ ಜೀಕುವಾಗ ದೊಡ್ಡತ್ತೆ ಒಳಕೋಣೆಯಲ್ಲಿ ಅಳ್ಳಿಟ್ಟಿನ ಉಂಡಿ ಕಟ್ಟುತ್ತ ಕೂತಿರುತ್ತಿದ್ದರು, ಮುಖ ಗೋಡೆಯ ಕಡೆ. ಒಂದು ವರ್ಷ ಹಟ ಹಿಡಿದು ತಾವೇ ಕಾರು ತೆಗೆದರು. ಅಫಜಲಪುರದ ಈಚೆಗೇ ನಿಂತುಹೋಯಿತು. ಟ್ರ್ಯಾಕ್ಟರು ಬಂತು. ಅಷ್ಟು ದೂರದಿಂದ ಹಗ್ಗದಲ್ಲಿ ವಾಪಸಾದ ಅವರು ಅಂದು ಯಾರಿಗೂ ಏನೂ ಹೇಳಲಿಲ್ಲ, ಬಜಾರಿನವರಿಗೂ.

ಆಮೇಲೇ ನಾನು ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಮಾತು ತೆಗೆದದ್ದು. ಪಾಯಿಂಟು ಕಿತ್ತು ಆ ಜಾಗದಲ್ಲಿ ಒಂದು ಪುಟ್ಟ ತುಂಡು ಕೂರಿಸಿದರಾಯಿತು; ಅಯಸ್ಕಾಂತದ ಬಳೆಯೊಂದು ತಿರುಗಿ ಅದಕ್ಕೆ ಸಂಜ್ಞೆ ಕೊಡುತ್ತದೆ; ಮುಟ್ಟುವುದಿಲ್ಲ, ಸುಡುವುದಿಲ್ಲ, ತಿಕ್ಕುವುದೂ ಬೇಕಿಲ್ಲ. ಫೋನಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ ಅವರು ಕೇಳಿದ್ದು ಇಷ್ಟೇ: "ಮ್ಯಾಲ ಕಾಣಸ್ತದೇನು?"

"ಮುಚ್ಚಳದ ಒಳಗ ಇರ್ತದ್ರಿ. ಎರಡ ವೈರ್ ಅಷ್ಟ ಹೊರಗ."

"ವೈರಿಂದು ನನಗ ಬಿಡು."

ಪೆಟ್ಟಿಗೆ ನನ್ನ ಕಾಲೇಜಿನ ವಿಳಾಸಕ್ಕೆ ಬಂತು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ನಾನು ಸೂಚನೆ ಓದಿ ಹೇಳಿದೆ, ಕೈ ಅವರದು. ಹೊಳೆಯುವ ಹೊಸ ವೈರುಗಳಿಗೆ ಹಳೆಯ ಬಟ್ಟೆಯ ಕವಚ ತೊಡಿಸಿ ಗ್ರೀಸು, ಧೂಳು ಸವರಿದರು. ಪಾಯಿಂಟಿನ ಜೊತೆಗಿದ್ದ, ಈಗ ಕೆಲಸವಿಲ್ಲದ ಹಳೆಯ ಕಂಡೆನ್ಸರನ್ನು ಇದ್ದಲ್ಲೇ ಬಿಟ್ಟು ಅದರ ವೈರನ್ನು ತೋರಿಕೆಗಷ್ಟೇ ಸಿಕ್ಕಿಸಿದರು. ಮುಚ್ಚಳದ ಮೇಲೆ ದೊಡ್ಡಮಾವ ಬಳಿದಿದ್ದ ಕೆಂಪು ಬಣ್ಣದ ಗುರುತು ಒಂಚೂರೂ ಕದಲದಂತೆ ಕೂರಿಸಿದರು. ಕಿತ್ತ ಪಾಯಿಂಟನ್ನು ಕಣ್ಣಿಗೊತ್ತಿಕೊಂಡು, ಉಸುಕಿನ ಕಾಗದದಲ್ಲಿ ಸುತ್ತಿ, ಸಂಚಿಯ ಕೊನೆಯ ಖಾನೆಯಲ್ಲಿಟ್ಟರು. ನನಗೆ ಆಗ ಅಳು ಬಂತು. ಅವರು ಬಯ್ದರು.

ಆ ಪಂಚಮಿಗೆ ಕಾಲೇಜಿಗೆ ರಜೆ. ನನ್ನನ್ನೂ ಹತ್ತಿಸಿಕೊಂಡು ಹೊರಟರು. ಕಾರು ಹೇಗೂ ನಡುದಾರಿಯಲ್ಲಿ ನಿಲ್ಲುತ್ತದೆಂದು ಯಾರೂ ತಡೆಯಲಿಲ್ಲ, ಟ್ರ್ಯಾಕ್ಟರಿನವನು ಹಗ್ಗ ತೆಗೆದಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಅಫಜಲಪುರ ದಾಟಿತು, ಜೇವರ್ಗಿಯೂ ದಾಟಿತು. ಬಿಸಿಲಲ್ಲಿ ಆ ಇಂಜಿನ್ನು ಒಮ್ಮೆಯೂ ಕೆಮ್ಮಲಿಲ್ಲ. ಕೊಳಕೂರಿನ ಮನೆಯ ಮುಂದೆ ನಿಲ್ಲಿಸಿದವರು ಇಂಜಿನ್ ಆರಿಸಲೇ ಇಲ್ಲ. ಆರಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಹಳೆಯ ಭಯ. ಗುಡುಗುಡು ಎನ್ನುವ ಕಾರನ್ನು ಬಾಗಿಲಲ್ಲಿ ಬಿಟ್ಟೇ ಒಳಗೆ ಹೋಗಿ, ಅತ್ತಿಗೆಯ ಪಕ್ಕ ಕೂತು, ಉಂಡಿ ತಿಂದು, ಚಹಾ ಕುಡಿದು, ಅತ್ತರು, ನಕ್ಕರು. "ಯಾರ ಕರಕೊಂಡ ಬಂದ್ರವ್ವಾ?" ಎಂದು ಅತ್ತಿಗೆ ಕೇಳಿದಾಗ, "ಕೇಳಸವಲ್ತೇನು? ಬಾಗಲ್ದಾಗ ಒದರಾಕತ್ತದಲ್ಲ!" ಎಂದರು.

ಮಹಾನವಮಿಗೆ ಇಕ್ಕಟ್ಟಿಗೆ ಸಿಕ್ಕೆವು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಗಾಡಿ ಕಣ್ಣು ತೆರೆದಿರಬೇಕು ಅನ್ನುವ ಪದ್ಧತಿ. ಅಂದರೆ ಇಂಜಿನ್ ಶುರುಮಾಡದೆ ಕೀಲಿಯನ್ನಷ್ಟೇ ತಿರುವಿ, ಎದುರಿನ ಕೆಂಪು ದೀಪ ಹತ್ತಿಸಿಟ್ಟು, ಮಂಗಳಾರತಿ ಮುಗಿಯುವವರೆಗೆ ಹಾಗೇ ಬಿಡುವುದು. ಹಳೆಯ ಪಾಯಿಂಟುಗಳು ಅದನ್ನು ಹೇಗೋ ತಡೆದುಕೊಂಡಿದ್ದವು. ಹೊಸ ತುಂಡಿಗೆ ಅದು ವಿಷ. ಇಂಜಿನ್ ತಿರುಗದೆ ಕರೆಂಟು ಹರಿದರೆ ಕಾದು ಸುಟ್ಟುಹೋಗುತ್ತದೆ ಎಂದು ಸೂಚನೆಯಲ್ಲೇ ಇತ್ತು. ಇಬ್ಬರಿಗೂ ಹೊಳೆದಿರಲಿಲ್ಲ. ಮಾವನವರು ಕೀಲಿ ತಿರುವಿ, ಬಾನೆಟ್ ಎತ್ತಿ, ಇಂಜಿನ್ನಿಗೆ ವಿಭೂತಿ ಹಚ್ಚಿ ಆರತಿ ಎತ್ತಿದಾಗಲೇ ನೆನಪಾದದ್ದು. ನಾನು ಬಾಯಿ ತೆರೆದೆ. ದೊಡ್ಡತ್ತೆ ನನ್ನ ಮುಂಗೈ ಹಿಡಿದರು, ಬಳೆ ಚುಚ್ಚುವಷ್ಟು ಗಟ್ಟಿಯಾಗಿ. ಹೇಳಿದರೆ ಗಾಡಿ ಹೋಗುತ್ತದೆ, ಹೇಳದಿದ್ದರೆ ತುಂಡು ಹೋಗುತ್ತದೆ. ಕೈಕಟ್ಟಿ ನಿಂತು ನೋಡಿದೆವು. ಆರತಿ ಹಾಡು ಮುಗಿಯಲೇ ಒಲ್ಲದು.

"ಏನೋ ಸುಟ್ಟ ವಾಸನಿ ಬರಾಕತ್ತದಲ್ಲ ವೈನಿ?" ಎಂದು ಮಾವನವರು ಕೇಳಿದರು.

"ಕರ್ಪೂರ ಇರಬೇಕ್ರಿ," ಎಂದರು ದೊಡ್ಡತ್ತೆ.

ಮರುದಿನ ಕಾರು ಹತ್ತಲಿಲ್ಲ. "ಅಣ್ಣ ಇಟ್ಟಂಗ ಅದ ನೋಡು," ಎಂದು ಮಾವನವರು ಪ್ರೀತಿಯಿಂದ ಬಾನೆಟ್ ಸವರಿದರು.

ಇನ್ನೊಂದು ತುಂಡು ತರಿಸಿದೆವು. ಅಲ್ಲಿಂದ ಮುಂದೆ ಪ್ರತಿ ವರ್ಷ ಖಂಡೇಪೂಜೆಗೆ ಮುಂಚೆ ಅದನ್ನು ಬಿಚ್ಚಿ ಸಂಚಿಯಿಂದ ಪಾಯಿಂಟು ತೆಗೆದು ಹಾಕುವುದು, ಪೂಜೆ ಮುಗಿದ ಮೇಲೆ ಮತ್ತೆ ಬದಲಿಸುವುದು. ತಮ್ಮದೇ ಗಾಡಿಯನ್ನು ಕದ್ದು ರಿಪೇರಿ ಮಾಡುವ ಈ ಬಾಳು ಸಾಕಾಯಿತು ಎಂದು ಒಮ್ಮೊಮ್ಮೆ ಸಿಟ್ಟಿಗೇಳುತ್ತಿದ್ದರು. ಆದರೆ ಪಂಚಮಿ ತಪ್ಪಲಿಲ್ಲ; ಕಾರು ಹೋಗಿಬರುವುದು ಅಣ್ಣನ ಪುಣ್ಯವೆಂದೇ ಮಾವನವರು ತಿಳಿದಿದ್ದರು. ಕೊನೆಯ ಪಂಚಮಿಗೆ ಅವರಿಗೆ ಎದೆನೋವಿತ್ತು. ಮೊದಲ ಸಲ ನನ್ನನ್ನು ಎಡಗಡೆ ಕೂರಿಸಿ ತಾವು ಬಲಗಡೆ ಕೂತರು. "ಎರಡನೇ ಗೇರ್ ಹಾಕ್ ಬೇ, ಇದು ಅಂಗಳಲ್ಲ!" ಎಂದು ಜಿಡಗಾದ ದಾರಿ ದಾಟುವತನಕ ಬಯ್ಯುತ್ತಲೇ ಇದ್ದರು.

ಶ್ರಾವಣ ಮುಗಿಯುವುದರೊಳಗೆ ಹೋಗಿಬಿಟ್ಟರು. ದೇಹವನ್ನು ಕೂರಿಸಿ ಹೂ ಹಾಕಿದ್ದಾಗ ಮಾವನವರು ಅಳುತ್ತ ಬಂದು ಆ ಸಂಚಿಯನ್ನು ಅವರ ಉಡಿಯಲ್ಲಿಟ್ಟರು. "ಎಲಿಅಡಿಕಿ ಇಲ್ಲಂದ್ರ ವೈನಿಗಿ ನಡ್ಯೂದಿಲ್ಲ. ಅಕಿ ಜೋಡಿನ ಹೋಗ್ಲಿ." ಕೊನೆಯ ಖಾನೆಯಲ್ಲಿ ಏನಿದೆ ಎಂದು ಬಲ್ಲವಳು ನಾನೊಬ್ಬಳೇ. ಕೈ ಚಾಚಿದೆ, ಅಷ್ಟು ಜನರ ಮುಂದೆ ಸಂಚಿಯ ದಾರ ಬಿಚ್ಚಲಾಗಲಿಲ್ಲ. ಸಂಚಿ ಅವರೊಂದಿಗೆ ಮಣ್ಣಾಯಿತು.

ಮಹಾನವಮಿ ಬಂತು. ಹೊಸ ಪಾಯಿಂಟು ಎಲ್ಲಿಂದಾದರೂ ತರಿಸಬಹುದಿತ್ತು. ಅವರು ಕೂರಿಸಿದ್ದನ್ನು ಕೀಳಲು ನನಗೆ ಕೈ ಬರಲಿಲ್ಲ. ಮಾವನವರು ಆರತಿ ತಟ್ಟೆ ಪಕ್ಕದಲ್ಲಿಟ್ಟು ಕೀಲಿ ತಿರುವಿದರು. ಕೆಂಪು ದೀಪ ಹತ್ತಿತು. ನನ್ನ ಮುಂಗೈ ಹಿಡಿಯುವವರು ಇರಲಿಲ್ಲ. ನಾನು ಕಿಟಕಿಯೊಳಗೆ ಕೈ ಹಾಕಿ ಕೀಲಿ ಹಿಂದಕ್ಕೆ ತಿರುವಿದೆ.

"ಹಂಗ ಇಟ್ರ ಸುಡ್ತದ್ರಿ ಮಾವ. ಒಳಗ ಬದ್ಲಾಗ್ಯದ."

"ಏನ್ ಬದ್ಲಾಗ್ಯದ? ಯಾವಾಗಿಂದ?"

"ದೊಡ್ಡತ್ತಿ ಕೊಳಕೂರಿಗಿ ಹೋಗಾಕ ಸುರು ಮಾಡಿದಾಗಿಂದ್ರಿ."

ಮನೆಮಂದಿಯೆಲ್ಲ ನೋಡುತ್ತಿದ್ದರು. ಮಾವನವರ ಮುಖ ಕೆಂಪೇರಿತು. "ಅಣ್ಣಂದು ಎಲ್ಲದ? ತಗೊಂಡ ಬಾ. ಈಗಿಂದೀಗ ಹಾಕು."

"ಅದು ದೊಡ್ಡತ್ತಿ ಸಂಚ್ಯಾಗ ಇತ್ರಿ."

ಅವರು ತಮ್ಮ ಕೈಗಳನ್ನು ನೋಡಿಕೊಂಡರು, ಸಂಚಿ ಇಟ್ಟ ಕೈಗಳನ್ನು. ಕರ್ಪೂರ ಉರಿದು ಮುಗಿಯಿತು, ಯಾರೂ ಇನ್ನೊಂದು ಹಾಕಲಿಲ್ಲ. ಕೊನೆಗೆ ಬಹಳ ಮೆಲ್ಲಗೆ, "ಹಂಗಾರ ದೀಪ ಹೆಂಗ?" ಎಂದರು.

"ಗಾಡಿ ಚಾಲೂ ಇದ್ರ ಏನೂ ಆಗೂದಿಲ್ರಿ."

"ಚಾಲೂ ಮಾಡು."

ಆ ವರ್ಷದ ಮಂಗಳಾರತಿ ಗುಡುಗುಡು ಎನ್ನುವ ಗಾಡಿಗೇ ಆಯಿತು. ಹಾಡು ಯಾರಿಗೂ ಕೇಳಿಸಲಿಲ್ಲ.

ಮಾತು ಮಾತೇ. ಗಾಡಿ ಮನೆಯದಾಯಿತು. ಕೀಲಿ ಈಗ ದೊಡ್ಡಮಾವನ ಫೋಟೋದ ಪಕ್ಕ ಮೊಳೆಗೆ ತೂಗುತ್ತದೆ, ಬೇಕಾದಾಗ ನಾನು ಕೇಳಬೇಕು. ಕೇಳುವುದು ನನಗೆ ಇಷ್ಟವಿಲ್ಲ, ಆದರೂ ಕೇಳುತ್ತೇನೆ. ಪಂಚಮಿಗೆ ಕೊಳಕೂರಿನ ಮುದುಕಿಗೆ ಉಂಡಿ ಒಯ್ಯಬೇಕಲ್ಲ. ಮಾವನವರು ಒಮ್ಮೆಯೂ ಇಲ್ಲ ಎಂದಿಲ್ಲ. ಮೊಳೆಯಿಂದ ಕೀಲಿ ತೆಗೆದು ನನ್ನ ಕೈಗಿಡುವಾಗ ಪ್ರತಿ ಸಲ ಒಂದೇ ಮಾತು ಹೇಳುತ್ತಾರೆ: "ಬಂದ್ ಮಾಡಿದ ಕೂಡ್ಲೇ ಕೀಲಿ ತಗಿಯವ್ವಾ. ವೈನಿ ಹಾಕಿದ್ದದ, ಸುಟ್ಟಗಿಟ್ಟೀತು."